ಪರಿಮಳಾನ ವೆಬ್ ಸೆಕ್ಷನ್ನು, ಜಾರಿ ಬಿದ್ದ ಚೆಂಡುಹೂವಿನ ತೋರಣ

ಹಂಗಲ್ಲ ತಂಗಿ, ನೀ ಅರ್ಧಾ ಅಷ್ಟೇ ಕೇಳೀದಿ. ಪರಿಮಳಾ ಒಬ್ಬ ಬದುಕಿದ್ದ ಪ್ರೊಫೆಸರನ್ನ ಸಾಯಿಸಿದ್ಲು ಅಂತ ನಿನಗ ಯಾರೋ ಹೇಳ್ಯಾರ. ಸಾಯಿಸಿದ್ದು ಖರೇ ಅದ. ಆದರ ಎಬ್ಬಿಸಿ ಕುಂದರಿಸಿದಾಕಿನೂ ಅಕಿನೇ, ಅದನ್ಯಾಕ ಯಾರೂ ಹೇಳವಲ್ರು? ಕುಂದ್ರು ಇಲ್ಲಿ. ಆ ತೊಗರಿಬ್ಯಾಳಿ ಮೊರ ಇತ್ಲಾಗ ಸರಸು. ನಾ ಹಸನ ಮಾಡಕೋತ ಹೇಳ್ತೀನಿ, ನೀ ಕೇಳಕೋತ ಕುಂದ್ರು. ಚಾ ಆಮ್ಯಾಲ.

ಪರಿಮಳಾ ಅಂದ್ರ ನಮ್ಮ ಹಿಂದಿನ ಓಣಿ ಅಂಬ್ರಪ್ಪನ ಮಗಳು. ಅಂಬ್ರಪ್ಪ ಗೊತ್ತದಲಾ, ಮಂದಿ ಹೊಲದಾಗ ತೊಗರಿ ಕೊಯ್ಲಿಗೆ ಹೋಗ್ತಾನ, ಸಣ್ಣಗ ಮಾತಾಡಿದ್ರೂ ಮುಂದಿನ ಓಣಿಗೆ ಕೇಳಸತದ. ಮಗಳು ಅವನಂಗಲ್ಲ, ಮೆತ್ತಗ. ಸಣ್ಣಾಕಿದ್ದಾಗ ರಂಗೋಲಿ ಹಾಕಾಕ ಕುಂತ್ಲಂದ್ರ ಮಂದಿ ಬಾಜೂಲೆ ದಾಟಿ ಹೋಗಬೇಕು. ಒಂದು ಚುಕ್ಕಿ ಆ ಕಡಿ ಈ ಕಡಿ ಆದ್ರ ಪೂರಾ ಅಳಿಸಿ ಮತ್ತ ಹಾಕಾಕಿ. ಅವರವ್ವ ಶೇಖಮ್ಮ ಬೈತಿದ್ಲು, ಹಿಟ್ಟು ತೀರತದ ಹುಡುಗಿ, ಸೊಟ್ಟ ಅದನೋ ನೆಟ್ಟಗ ಅದನೋ ಯಾರ ನೋಡ್ತಾರ ಅಂತ. ಇಕಿ ತಲಿ ಎತ್ತಲಾರದನ, ನಾ ನೋಡ್ತೀನಲಾ ಅಂತಿದ್ಲು.

ಈಗ ಅಕಿ ಪಗಾರ ತಗೊಂಡು ಮಾಡೋದೂ ಅದೇ ಕೆಲಸ. ಶಹಾಪುರದಿಂದ ಸುರಪುರಕ್ಕ ಹೋಗೋ ರೋಡಿನ ಬಾಜೂಕ ಯುನಿವರ್ಸಿಟಿ ಅದಲಾ, ಅಲ್ಲಿ ವೆಬ್ ಸೆಕ್ಷನ್ ಅಂತ ಒಂದು ಖೋಲಿ. ವೆಬ್ ಅಂದ್ರ ಏನು ಅಂತ ಕೇಳಬ್ಯಾಡ, ನನಗೂ ಅಕಿ ಮೂರ್ನಾಕು ಸಲ ಹೇಳಿದ ಮ್ಯಾಲೇ ತಿಳೀತು. ಕಾಲೇಜಿನ ಗೋಡಿಗೆ ನೋಟೀಸ್ ಬೋರ್ಡ್ ಇರ್ತದಲಾ, ಅದು. ಆದರ ಇದನ್ನ ಕಡೇಚೂರಾಗ ಕುಂತಾಂವನೂ ನೋಡಬಹುದು, ದುಬೈದಾಗ ಕುಂತಾಂವನೂ ನೋಡಬಹುದು, ಅಷ್ಟೇ ಫರಕು. ಎಷ್ಟು ವಿಭಾಗ ಅದಾವೋ ಅಷ್ಟಕ್ಕೂ ಒಂದೊಂದು ಪುಟ. ಕಟ್ಟೋದು, ಹಳೇದು ತೆಗಿಯೋದು, ಕೆಟ್ಟದ್ದು ರಿಪೇರಿ ಮಾಡೋದು, ಎಲ್ಲಾ ಆ ಖೋಲ್ಯಾಗಿನ ಇಬ್ಬರೇ. ಒಬ್ಬಾಕಿ ಪರಿಮಳಾ, ಇನ್ನೊಬ್ಬಾಂವ ಸುರಪುರದ ಮೆಹಬೂಬ. ಪುಟ ಹೆಂಗ ಕಾಣಬೇಕು ಅನ್ನೋದು ಅಕಿದು, ಒಳಗಿನ ನಟ್ಟು ಬೋಲ್ಟು ಅವಂದು. ಫೋಟೋನೂ ಅಂವನೇ ಹೊಡೀತಾನ.

ಖೋಲಿ ಇರೋದು ಗೇಟಿನ ಬಾಜೂಕ, ಗಾಡಿ ನಿಲ್ಲಸೋ ಜಾಗಾಕ್ಕ ಹತ್ತಿ. ಹಿಂಗಾಗಿ ಬಂದ ಬಂದ ಮಂದಿಯೆಲ್ಲಾ ಮೊದಲ ಇವರ ಬಾಗಲಾ ಬಡಿತಾರ. ಫೀಸ್ ಎಲ್ಲಿ ಕಟ್ಟಬೇಕ್ರಿ, ಮಾರ್ಕ್ಸ್ ಕಾರ್ಡ್ ಎಲ್ಲಿ ಕೊಡ್ತಾರ್ರಿ, ಕುಡಿಯೋ ನೀರು ಎಲ್ಲಿ ಅದಾವ್ರಿ. ಪರಿಮಳಾ ಪುಟ ಕಟ್ಟಿದ್ದಕ್ಕಿಂತ ದಾರಿ ತೋರಿಸಿದ್ದೇ ಹೆಚ್ಚು. ಮೆಹಬೂಬ ನಗ್ತಾನ, ಅಕ್ಕಾ, ಇದೂ ನಮ್ಮ ಸೆಕ್ಷನ್ ಕೆಲಸಾನೇ, ಮಂದಿನ್ನ ಹೋಗಬೇಕಾದಲ್ಲಿ ಮುಟ್ಟಸೋದು ಅಂತ.

ಇನ್ನ ವಿಭಾಗದವರ ಹಕೀಕತ್ ಕೇಳು. ಇತಿಹಾಸದವರು ನೋಟೀಸನ್ನ ಕಾಗದದ ಮ್ಯಾಲ ಟೈಪ್ ಮಾಡಿ, ಅದರ ಫೋಟೋ ಹೊಡದು, ಅದೂ ಅಡ್ಡಾ ಹೊಡದು, ವಾಟ್ಸಾಪಿನಾಗ ಒಗೀತಿದ್ರು. ಕನ್ನಡದವರು ಯಾವದೋ ಹಳೇ ಕಂಪ್ಯೂಟರಿನ ಅಕ್ಷರದಾಗ ಬರದು ಕಳಸೋರು, ಇಲ್ಲಿ ತೆಗದು ನೋಡಿದ್ರ ಕೋಳಿ ತಿಪ್ಪಿ ಕೆದರಿದಂಗ. ಪರಿಮಳಾ ಅಷ್ಟೂ ಮತ್ತ ಕುಂತು ಟೈಪ್ ಮಾಡಾಕಿ. ಆಟದ ಮಾಸ್ತರ್ರು ಬಂದು, ನಮ್ಮ ಪುಟದಾಗ ಅಕ್ಷರ ಓಡಬೇಕು ನೋಡವಾ, ಆಟದ ವಿಭಾಗದ್ದೇ ನಿಂತು ಬಿಟ್ರ ಹೆಂಗ ಅಂತ ಹಟಾ ಹಿಡದ್ರು. ಎಲ್ಲಾರಿಗೂ ಒಂದೇ ಆಶಾ, ಮದುವಿ ಫ್ಲೆಕ್ಸಿನಂಗ ಆಗಬೇಕು. ದೊಡ್ಡ ಸಾಹೇಬರ ಮಾರಿ ಮ್ಯಾಲ, ವಿಭಾಗದವರ ಮಾರಿ ನಡುವ, ಉಳಿದವರು ಸಾಲಾಗಿ, ಹಿಂದ ಸೂರ್ಯನ ಕಿರಣ. ಹುಡುಗರಿಗೆ ಬೇಕಾದ ಪರೀಕ್ಷಾ ತಾರೀಖು ಎಲ್ಲಿ ಹಾಕಲ್ರಿ ಅಂತ ಇಕಿ ಕೇಳಿದ್ರ, ಜಾಗಾ ಉಳದ್ರ ತೆಳಗ ಎಲ್ಲ್ಯಾರ ಹಾಕು ಅನ್ನೋರು.

ಪರಿಮಳಾ ಜಗಳಾಡಾಕಿ ಅಲ್ಲ. ವಿಭಾಗಕ್ಕೇ ಹೋಗಿ ಒಂದು ಮೂಲ್ಯಾಗ ಕುಂದರತಿದ್ಲು. ಬಾಗಲದಾಗ ಬಂದ ಹುಡುಗರು ಏನೇನು ಕೇಳ್ತಾರ ಅಂತ ಕೇಳಿಸಿಕೊಂಡು, ಅದನ್ನೇ ಪುಟದ ಮ್ಯಾಲ್ತುದಿಗೆ ಹಾಕಾಕಿ. ಮಾರಿಗೋಳನ್ನ ತೆಳಗ ಇಳಸಾಕಿ. ಹೆಂಗ ಇಳಸ್ತಿದ್ಲು ಅಂತೀ, ಇಳದವರಿಗೇ ಖುಷಿ ಆಗೋ ಹಂಗ. ಮ್ಯಾಲ ಗದ್ದಲ ಭಾಳ ಸರ್, ತೆಳಗ ನಿಮ್ಮ ಒಬ್ಬರಿಗೇ ಖಾಸ್ ಜಾಗಾ ಮಾಡೀನಿ ಅಂತ. ಅವರು ಮೀಸಿ ಮ್ಯಾಲ ಕೈ ಎಳಕೊಂಡು ಹೋಗೋರು.

ಇನ್ನೊಂದು ಪದ್ಧತಿ ಇಟ್ಟಿದ್ಲು, ಇದನ್ನ ನೆನಪಿಡು. ಮೇಜಿನ ಮ್ಯಾಲ ಒಂದು ಒಡಕು ಫೋನು. ಅಂಗೈಯಷ್ಟು ಸಣ್ಣದು, ಗಾಜು ಜೇಡರ ಬಲಿ ಹಂಗ ಸೀಳಿದ್ದು. ಮೆಹಬೂಬ ಒಗೀಬೇಕಂತ ಹೊಂಟಾಗ ಇಕಿ ಕಸಕೊಂಡು ಇಟ್ಟಿದ್ಲು. ಯಾಕಂದ್ರ ದೊಡ್ಡ ಕಂಪ್ಯೂಟರಿನಾಗ, ಇಕಿ ಹತ್ರ ಇರೋವಂಥ ದೊಡ್ಡ ಫೋನಿನಾಗ, ಎಲ್ಲಾ ಪುಟಾನೂ ಚಂದನ ಕಾಣತಾವ. ನಮ್ಮ ಕಡಿ ಮಂದಿ ನೋಡೋದು ಅಂಥಾ ಸಣ್ಣ ಫೋನಿನಾಗ. ಏನೇ ಹೊಸಾದು ಹಾಕಿದ್ರೂ ಮೊದಲ ಒಡಕು ಫೋನಿನಾಗ ನೋಡಬೇಕು, ಅಲ್ಲಿ ಬರಾಬ್ಬರ್ ಬಂದ್ರ ಮಾತ್ರ ಊರಿಗೆ ಬಿಡಬೇಕು. ಈ ಕಾಯದೆ ಅಕಿ ಎಂದೂ ಮುರದಿದ್ದಿಲ್ಲ. ಮುರದದ್ದು ಒಂದೇ ದಿನ.

ಹೋದ ವರ್ಷ ದಸರಾ ಮುಂದ ಒಂದು ಮಾತು ಎದ್ದಿತು. ಹೈದರಾಬಾದಿನ ಯಾವದೋ ಕಂಪನಿಯವರು ಬಂದು ರಿಜಿಸ್ಟ್ರಾರ್ ಸಾಹೇಬರಿಗೆ ಪಡದೆ ಮ್ಯಾಲ ಬಣ್ಣ ಬಣ್ಣದ ಚಿತ್ರ ತೋರಿಸಿ ಹೋಗಿದ್ರು. ಎಲ್ಲಾ ನಾವು ನೋಡಕೋತೀವಿ, ಈ ಖೋಲಿ ನಿಮಗ್ಯಾಕ ಅಂತ. ಖೋಲಿ ಮುಚ್ಚಿದ್ರ ಪರಿಮಳಾನೂ ಮನಿಗೆ, ಮೆಹಬೂಬನೂ ಮನಿಗೆ. ಇಬ್ಬರದೂ ಕಾಯಂ ನೌಕ್ರಿ ಅಲ್ಲ. ಹಬ್ಬದ ಸೂಟಿ ಬಿಡೋ ದಿನಾನೇ ಮೀಟಿಂಗ್ ಇಟ್ಟಿದ್ರು, ವಿಭಾಗದ ಮುಖ್ಯಸ್ಥರು ಕುಂತು ಬೇಕೋ ಬ್ಯಾಡೋ ಹೇಳೋದು. ಅವರೊಳಗ ಎಲ್ಲಾರಿಗೂ ಹಿರ್ಯಾ ಅಂದ್ರ ಸಸ್ಯಶಾಸ್ತ್ರದ ಜಗದೇವಪ್ಪ ಸರ್. ಅವರು ಯಾವ ಕಡಿ ವಾಲ್ತಾರೋ ಉಳಿದವರೆಲ್ಲಾ ಆ ಕಡಿ.

ಜಗದೇವಪ್ಪ ಸರ್ ರಾಮಸಮುದ್ರದವರು. ಗಿಡಾ ಅಂದ್ರ ಜೀವಾ ಬಿಡ್ತಾರ, ಮೊಬೈಲ್ ಅಂದ್ರ ಮಾರಿ ಕಿವಚತಾರ. ವಿಭಾಗದ ಹೊಸ್ತಿಲಾ ದಾಟಿದ್ರಂದ್ರ ಫೋನ್ ಬಂದ್ ಮಾಡಿ ಖಾನ್ಯಾಗ ಇಟ್ಟು ಕೀಲಿ ಹಾಕೋದು, ಮನಿಗೆ ಹೋಗೋವಾಗ ತೆಗಿಯೋದು. ಎಲ್ಲಾ ವಿಭಾಗದ ಪುಟ ಆಗಿ ಅವರದೊಂದೇ ಖಾಲಿ ಉಳದಿತ್ತು. ಪರಿಮಳಾ ಹೋದಾಗೊಮ್ಮೆ, ಗಿಡಾ ನೋಡೋರು ಇಲ್ಲಿಗೇ ಬರ್ತಾರವಾ, ನಿಮ್ಮ ಫೋನಿನಾಗಿನ ಗಿಡಕ್ಕ ವಾಸನಿ ಅದ ಏನು ಅಂತ ಕೇಳಿ ಹೊರಗ ಕಳಸಿಬಿಡ್ತಿದ್ರು. ಕಂಪನಿಯವರಿಗೇ ಕೊಟ್ಟು ಕೈ ತೊಳಕೊಂಡ್ರಾತು ಅಂತ ಅಂದಾರಂತ ಇವರಿಗೆ ಖಬರು ಬಂದಿತ್ತು.

ಪರಿಮಳಾ ಏನ್ ಮಾಡಿದ್ಲು? ಪುಟದ ಮಾತೇ ಬಿಟ್ಟಳು. ಗಿಡಕ್ಕ ನೀರು ಹಾಕೋ ಹೊತ್ತಿಗೆ ಹೋಗಿ ನೀರಿನ ಝಾರಿ ಹಿಡದು ನಿಂತ್ಲು. ಇದಕ್ಕ ನಮ್ಮವ್ವ ಬ್ಯಾರೆ ಹೆಸರು ಹೇಳ್ತಾಳಲ್ರಿ ಸರ್ ಅಂದ್ಲು. ಏನ್ ಹೇಳ್ತಾಳ ಅಂತ ಸರ್ ಕನ್ನಡಕ ಮ್ಯಾಲ ಸರಸಿದ್ರು. ಅಲ್ಲಿಂದ ಸುರು ಆತು. ಶಹಾಪುರದಾಗ ಮಲಗಿದ ಬುದ್ಧನ ಗುಡ್ಡದ ಮ್ಯಾಲ ಏನೇನು ಗಿಡಾ ಅದಾವ, ಹೊಲದ ಹೆಣ್ಮಕ್ಕಳು ಅವಕ್ಕ ಏನಂತಾರ, ಯಾವದು ಹಸಿ ಗಾಯಕ್ಕ, ಯಾವದು ದನದ ಹೊಟ್ಟಿಗೆ. ಮೆಹಬೂಬ ಒಂದೊಂದರದೂ ಫೋಟೋ ಹೊಡದಾ. ಪುಟ ಆಗಾಕತ್ತು. ಸರ್ ತಾವೇ ಬಂದು ಖೋಲ್ಯಾಗ ಕುಂದರಾಕತ್ತರು, ಬಾಯಿಲೆ ಮಾತ್ರ ಇನ್ನಾ ಹೂಂ ಅಂದಿದ್ದಿಲ್ಲ. ಮೀಟಿಂಗಿನಾಗ ನೋಡೋಣು ಅಂತಿದ್ರು.

ಈಗ ಬಂತು ನೋಡು ಫೋಟೋದ ತಕರಾರು. ಮುಖ್ಯಸ್ಥರ ಫೋಟೋ ಇರಲೇಬೇಕು ಅಂತ ರಿಜಿಸ್ಟ್ರಾರ್ ಸಾಹೇಬರ ಹುಕುಂ. ಸರ್ ಹೊಡಸಿಕೊಳ್ಳಂಗಿಲ್ಲ. ಕಡೀಕ ಮನ್ಯಾಗಿಂದ ಒಂದು ತಂದು ಕೊಟ್ರು. ಕಪ್ಪು ಬಿಳಿ, ಯಾದಗಿರಿ ಸ್ಟುಡಿಯೋದಾಗ ಎಂದೋ ತೆಗಸಿದ್ದು. ನೆಟ್ಟಗ ಕುಂತಾರ, ಹಣಿ ಮ್ಯಾಲ ವಿಭೂತಿ, ನಗು ಇಲ್ಲ, ಕಣ್ಣು ಎಲ್ಲೋ ದೂರ ನೋಡಾಕತ್ತಾವ. ಪಡಸಾಲಿ ಗೋಡಿಗೆ ಹಾಕಿರ್ತಾರಲಾ, ಥೇಟ್ ಅಂಥಾದ್ದು. ತೆಳಗ ನಾಕು ಸಾಲು ಬರದು ಕೊಟ್ಟಾಂವ ಅವರ ಕೈ ತೆಳಗಿನ ಶ್ರೀಮಂತ ಅನ್ನೋ ಮಾಸ್ತರ. ಸರ್‌ನ್ನ ಖುಷಿ ಮಾಡಬೇಕಂತ, ಬದುಕನ್ನೇ ಗಿಡಗಳಿಗೆ ಮುಡಿಪಿಟ್ಟ ಹಿರಿಯ ಜೀವ, ಸರಳ ಸಜ್ಜನಿಕೆಯ ಮೂರ್ತಿ, ಅವರ ನೆನಪು ಶಿಷ್ಯರ ಮನದಲ್ಲಿ ಸದಾ ಹಸಿರು ಅಂತೆಲ್ಲಾ ಬರದಿದ್ದ. ಬದುಕಿದ್ದ ಮನುಷ್ಯಾನ್ನ ನಮ್ಮ ಕಡಿ ಅಷ್ಟು ಹೊಗಳ್ತಾರೇನು? ಪರಿಮಳಾಗ ಒಂದೀಟು ಅನುಮಾನ ಬಂತು, ಆದರ ಹಟಮಾರಿ ಸರ್ ಒಪ್ಪಿದ್ದೇ ಹೆಚ್ಚು ಅಂತ ಸುಮ್ಕಾದ್ಲು.

ಮೀಟಿಂಗಿನ ದಿನ ಮುಂಜಾನಿ ಎಲ್ಲಾ ಖೋಲ್ಯಾಗೂ ಆಯುಧ ಪೂಜಿ. ವೆಬ್ ಸೆಕ್ಷನ್ನಿನ ಪೂಜಿ ಕಸಾ ಹೊಡಿಯೋ ರೇಣಮ್ಮಂದು. ನಿಮ್ಮ ಆಯುಧ ತರ್ರಿ ಅಂದ್ಲು ಅಕಿ. ಕಂಪ್ಯೂಟರ್ ಎತ್ತಾಕ ಬರಂಗಿಲ್ಲ, ಅದರಾಗ ಸಾಹೇಬರ ಕೆಲಸಾ ಇನ್ನಾ ಮಾಡೋದದ. ಅದಕ್ಕ ಒಂದು ಹಳೇ ಕೀಬೋರ್ಡು, ಎರಡು ಇಲಿ, ಇಲಿ ಅಂದ್ರ ಕಂಪ್ಯೂಟರಿನ ಇಲಿ ಮತ್ತ, ಮೆಹಬೂಬನ ಕ್ಯಾಮೆರಾ, ಎಲ್ಲಾದಕ್ಕಿಂತ ಹೆಚ್ಚು ದುಡದ ಒಡಕು ಫೋನು, ಇಷ್ಟು ಕಟ್ಟಿಗಿ ಮಣಿ ಮ್ಯಾಲ ಇಟ್ರು. ರೇಣಮ್ಮ ಕುಂಕುಮ ಹಚ್ಚಿ, ಹೂ ಏರಸಿ, ಕಾಯಿ ಒಡದು, ತಾಕೀತು ಮಾಡಿದ್ಲು, ಪೂಜಿ ಕದಲಸೋತನಕ ಯಾರೂ ಮುಟ್ಟಬ್ಯಾಡ್ರಿ.

ಅಷ್ಟರಾಗ ಮ್ಯಾಲಿಂದ ಸಾಹೇಬರ ಫೋನು. ಹಬ್ಬ ಅದ, ಎಲ್ಲಾ ವಿಭಾಗದ ಪುಟಕ್ಕೂ ಹೂವಿನ ತೋರಣ ಬೇಕು, ಮೀಟಿಂಗಿನಾಗ ತೆಗದು ನೋಡ್ತೀವಿ ಅಂತ. ಪರಿಮಳಾ ಚೆಂಡುಹೂವಿನ ತೋರಣ ಬರದಳು. ಹೂವಿನ ಒಂದೊಂದು ಪಕಳಿ ಬಿಡಿಸಿ, ಪುಟದ ನೆತ್ತಿ ಮ್ಯಾಲ ಬಾಗಲಿಗೆ ಕಟ್ಟಿದಂಗ ಕಟ್ಟಿದ್ಲು. ಕಂಪ್ಯೂಟರಿನಾಗ ನೋಡಿದ್ಲು, ಬೇಶ್. ತನ್ನ ದೊಡ್ಡ ಫೋನಿನಾಗ ನೋಡಿದ್ಲು, ಬೇಶ್. ಒಡಕು ಫೋನಿಗೆ ಕೈ ಚಾಚಿದ್ಲು, ರೇಣಮ್ಮ ಕಣ್ಣು ದೊಡ್ಡವು ಮಾಡಿದ್ಲು. ಕೈ ಹಿಂದಕ್ಕ ತಗೊಂಡ್ಲು. ಒಂದು ದಿನ ನೋಡಲಿಲ್ಲಂದ್ರ ಏನಾಗತದ ಅಂದುಕೊಂಡು ತೋರಣ ಊರಿಗೆ ಬಿಟ್ಲು. ಮ್ಯಾಲ ಮೀಟಿಂಗ್ ಸುರು ಆತು, ಸಂಜಿತನಕ ನಡಿಯೋದು. ಇವರಿಬ್ಬರೂ ತೆಳಗ ಕುಂತು ಪ್ರಸಾದದ ಕೊಬ್ಬರಿ ಕಡಕೋತ, ಬಾಯಿಗೆ ರುಚಿ ಹತ್ತಲಾರದ ಕಾಯಾಕತ್ತರು.

ಅಲ್ಲಿ ಕಡೇಚೂರಾಗ ಶರಣಕುಮಾರ ಅಂತ, ಜಗದೇವಪ್ಪ ಸರ್‌ನ ಅಕ್ಕನ ಮಗ, ಫ್ಯಾಕ್ಟರ‍್ಯಾಗ ಊಟಕ್ಕ ಬಿಟ್ಟಾಗ ತನ್ನ ಸಣ್ಣ ಫೋನ್ ತೆಗದಾ. ಮಾವನ ಪುಟ ಆಗ್ಯಾದಂತ, ನೋಡೋಣು ಅಂತ ತೆಗದ್ರ, ಏನದ? ಸಣ್ಣ ಪಡದೆದಾಗ ನೆತ್ತಿ ಮ್ಯಾಲ ತೋರಣಕ್ಕ ಜಾಗಾ ಸಾಲದ ಅದು ತೆಳಗ ಜಾರಿತ್ತು. ಜಾರಿ, ಬರಾಬ್ಬರ್ ಮಾವನ ಫೋಟೋದ ಎರಡೂ ಬಾಜೂ ಇಳೇಬಿದ್ದಿತ್ತು. ಕಪ್ಪು ಬಿಳಿ ಫೋಟೋ, ಮ್ಯಾಲ ಚೆಂಡುಹೂವಿನ ಹಾರ, ತೆಳಗ ಅವರ ನೆನಪು ಸದಾ ಹಸಿರು. ನಮ್ಮ ಪೈಕಿ ಯಾರೇ ನೋಡಿದ್ರೂ ಏನ್ ತಿಳಕೋತಾರ ಹೇಳು.

ಮಾವಗ ಫೋನ್ ಹಚ್ಚಿದಾ, ಬಂದ್. ಆಫೀಸಿಗೆ ಹಚ್ಚಿದಾ, ಎಲ್ಲಾರೂ ಪ್ರಸಾದಕ್ಕ ಹೋಗ್ಯಾರ, ಯಾರೂ ಎತ್ತಲಿಲ್ಲ. ಮಾಮಿ ಶಾಂಭವಿ ಹಬ್ಬಕ್ಕ ತಿಂಥಣಿ ತೌರಮನಿಗೆ ಹೋಗ್ಯಾಳ, ಅಲ್ಲಿ ಹೊಳಿ ದಂಡಿಗೆ ಫೋನ್ ಹತ್ತಂಗಿಲ್ಲ, ಅಕಿ ಪಾರಾದ್ಲು. ಅವ ಕಳಿಸಿದ ಆ ಚಿತ್ರ ರಾಮಸಮುದ್ರಕ್ಕ ಹೋಗಿ ಮುಟ್ಟಿದ್ದೇ ತಡ, ಸರ್‌ನ್ನ ಎತ್ತಿ ಆಡಿಸಿ ಬೆಳಸಿದ ಅಕ್ಕ, ಶರಣಕುಮಾರನ ಅವ್ವ ಗೊಲ್ಲಾಳಮ್ಮ ಹಿಟ್ಟಿನ ಕೈಲೇ ಎದ್ದಳು. ಓಣಿ ಕ್ರೂಸರ್ ಗಾಡಿ ಆವತ್ತ ಆಯುಧ ಪೂಜಿಗೆ ತೊಳದು, ಹೂ ಹಾಕಿಸಿಕೊಂಡು ಮದುಮಗನಂಗ ನಿಂತಿತ್ತು. ಸಾವಿಗೆ ಹಿಂಗ ಹೆಂಗ ಹೋಗೋದಂತ ಡ್ರೈವರ್ ಅಷ್ಟೂ ಹೂ ಕಿತ್ತು ಒಗದಾ. ದಾರ‍್ಯಾಗ ಯಾದಗಿರಿಯಾಗ ಇಳದು ಒಂದು ದೊಡ್ಡ ಹಾರ ತಗೊಂಡ್ರು. ಅಲ್ಲೇ ಶರಣಕುಮಾರನೂ ಹತ್ತಿದಾ.

ಬಂದೋರು ಮೊದಲ ಬಾಗಲಾ ಬಡಿಯೋದು ಯಾರದು? ವೆಬ್ ಸೆಕ್ಷನ್ನಿಂದೇ.

“ಯವ್ವಾ, ನಮ್ಮ ತಮ್ಮನ್ನ ಎಲ್ಲಿ ಮಲಗಿಸ್ಯಾರ, ತೋರಸು” ಅಂದ್ಲು ಗೊಲ್ಲಾಳಮ್ಮ.

ದವಾಖಾನಿ ಇಲ್ಲಿ ಇಲ್ರಿ ಆಯಿ, ಯಾರ್ರಿ ನಿಮ್ಮ ತಮ್ಮ ಅಂತ ಪರಿಮಳಾ ಕೇಳಿದ್ರ, ಗಿಡದ ಮಾಸ್ತರ ಜಗದೇವಪ್ಪ ಅಂದ್ಲು. ಮುಂಜಾನಿ ಕೊಬ್ಬರಿ ತಿಂದು ಮ್ಯಾಲ ಹೋದ ಮನುಷ್ಯಾ, ಮೀಟಿಂಗಿನಾಗೇ ಹೋಗಿಬಿಟ್ರಾ ಅಂತ ಪರಿಮಳಾ ಮೆಟ್ಟಲ ಕಡಿ ನೋಡಿದ್ಲು. ಆಗ ಶರಣಕುಮಾರ ಫೋನ್ ಮುಂದ ಹಿಡದಾ. ನೋಡಿದ್ಲು. ತಾ ಪಕಳಿ ಪಕಳಿ ಬಿಡಿಸಿದ ಹೂ.

ಮೆಹಬೂಬ ಕಿವ್ಯಾಗ ಅಂದಾ, ಅಕ್ಕಾ, ಸುಮ್ಕ ಸರಿ ಮಾಡಿಬಿಡೋಣು. ಸರ್ ಅದಾರಂತ ಹೇಳಿ ಇವರಿಗೆ ಕ್ಯಾಂಟೀನಿನಾಗ ಚಾ ಕುಡಸೋಣು. ಮೀಟಿಂಗ್ ಮುಗದ್ರ ಯಾರಿಗೂ ಗೊತ್ತಾಗಂಗಿಲ್ಲ. ಖರೇನೇ ಅಂದಾ ಅವ. ಪರಿಮಳಾನೂ ಅದೇ ಮಾಡಬೇಕಂತ ಗೊಲ್ಲಾಳಮ್ಮನ ಕೈ ಹಿಡದು, ಆಯಿ, ಸರ್‌ಗ ಏನೂ ಆಗಿಲ್ರಿ, ಮ್ಯಾಲ ಮೀಟಿಂಗಿನಾಗ ಅದಾರ ಅಂದ್ಲು. ಮುದುಕಿ ನಂಬಬೇಕಲಾ. ಮೊದಲಿಗೆ ಎಲ್ಲಾರೂ ಹಿಂಗೇ ಅಂತಾರವ್ವಾ, ನಮ್ಮ ಯಜಮಾನರು ಹೋದಾಗೂ ಬರೇ ಜ್ವರಾ ಅಂತ ಹೇಳಿ ಕರಕೊಂಡು ಬಂದಿದ್ರು ಅಂತ ಹಾರ ಎದಿಗೊತ್ತಿಕೊಂಡು ತೆಳಗೇ ಕುಂತುಬಿಟ್ಲು. ಆ ಮಾರಿ ನೋಡಿದ ಮ್ಯಾಲ ಚಾದ ಮಾತು ಪರಿಮಳಾನ ಬಾಯಿಗೆ ಬರಲಿಲ್ಲ. ನೌಕ್ರಿ ಹೋದ್ರ ಹೋಗಲಿ ಅಂತ ಮೆಟ್ಟಲಾ ಹತ್ತಿದ್ಲು.

ಮ್ಯಾಲ ಇವರ ಖೋಲಿ ಮಾತೇ ನಡದಿತ್ತು. ಬಾಗಲಾ ತೆಗದ ಕೂಡಲೇ ಎಲ್ಲಾರೂ ತಿರುಗಿ ನೋಡಿದ್ರು. ಅಕಿ ನೆಟ್ಟಗ ಜಗದೇವಪ್ಪ ಸರ್ ಹತ್ರ ಹೋಗಿ ನಿಂತ್ಲು.

“ಸರ್, ನನ್ನ ಕೈಲೆ ತಪ್ಪಾಗ್ಯಾದ. ಪುಟದಾಗ ನಿಮಗ ಹಾರ ಬಿದ್ದದ. ನಿಮ್ಮ ಅಕ್ಕಾರು ನೀವು ತೀರಿಕೊಂಡೀರಿ ಅಂತ ಬಂದಾರ. ಒಮ್ಮಿ ತೆಳಗ ಬಂದು ಮಾರಿ ತೋರಸ್ರಿ.”

ಸರ್ ಕನ್ನಡಕ ತೆಗದರು.

“ನಾ ಸತ್ತೀನಾ? ಯಾವಾಗ?”

“ಮುಂಜಾನಿ ಪೂಜಿ ಆದ ಮ್ಯಾಲ, ಸರ್.”

ಸರ್ ಎದ್ದರು. ಅವರ ಹಿಂದ ರಿಜಿಸ್ಟ್ರಾರ್ ಸಾಹೇಬ್ರು, ಅವರ ಹಿಂದ ಇತಿಹಾಸ, ಕನ್ನಡ, ಆಟದ ಮಾಸ್ತರ್ರು, ಇಡೀ ಮೀಟಿಂಗೇ ಮೆಟ್ಟಲಾ ಇಳೀತು. ಗೊಲ್ಲಾಳಮ್ಮ ತಮ್ಮನ್ನ ನೋಡಿದಾಕಿನೇ ಗಲ್ಲ ಮುಟ್ಟಿ ನೋಡಿದ್ಲು, ಕೈ ಹಿಂಡಿ ನೋಡಿದ್ಲು, ಆಮ್ಯಾಲ ಬೆನ್ನಿಗೆ ಧಪ್ಪಂತ ಒಂದು ಗುದ್ದು ಹಾಕಿದ್ಲು. ಫೋನ್ ಯಾಕ ಬಂದ್ ಇಡ್ತೀಯೋ ಮೂಳಾ ಅಂತ. ಅಷ್ಟು ಮಂದಿ ಮುಂದ, ನೋಡು. ಸರ್ ಬೆನ್ನು ತಿಕ್ಕಿಕೋತ, ಆತಬೇ ಆತಬೇ ಅಂದ್ರು. ಕಣ್ಣು ಮಾತ್ರ ಹಸಿ ಆಗಿದ್ವು.

ಪರಿಮಳಾ ಅಷ್ಟೊತ್ತಿಗೆ ಖೋಲ್ಯಾಗ ಪೂಜಿ ಮಣಿ ಮುಂದ ನಿಂತಿದ್ಲು. ರೇಣಮ್ಮನ ಮಾರಿ ನೋಡಿದ್ಲು. ರೇಣಮ್ಮ ತಾನೇ ಪೂಜಿಗೆ ಕೈ ಮುಗದು, ತಪ್ಪಾತು ಮಾಫ್ ಮಾಡವ್ವಾ ಅಂತ ಹೇಳಿ, ಒಡಕು ಫೋನ್ ಎತ್ತಿ ಕೊಟ್ಲು. ಗಾಜಿನ ಸೀಳಿನಾಗೆಲ್ಲಾ ಕುಂಕುಮ. ಒಂದು ಕೈಲೆ ಸೆರಗಿನಿಂದ ಒರಸಿಕೋತ, ಒಂದು ಕೈಲೆ ಕಂಪ್ಯೂಟರ್ ಒತ್ತಿಕೋತ, ಮೆಹಬೂಬಗ ಅಲ್ಲಿ ಬಿಚ್ಚು ಇಲ್ಲಿ ಕಟ್ಟು ಅಂತ ಹೇಳಿಕೋತ, ತೋರಣ ಮ್ಯಾಲಕ್ಕ ಏರಸಿದ್ಲು. ಸಣ್ಣ ಪಡದೆದಾಗ ಹಾರ ಮೆಲ್ಲಕ ಸರ್ ಕೊಳ್ಳಾಗಿಂದ ಎದ್ದು ಬಾಗಲ ಮ್ಯಾಲ ಹೋಗಿ ಕುಂತಿತು. ಹಿಂದ ನಿಂತ ಮಂದಿಯೆಲ್ಲಾ ಹಾ ಅಂದ್ರು. ಗೊಲ್ಲಾಳಮ್ಮ ಬಗ್ಗಿ ನೋಡಿ, ಈ ಸುಡಗಾಡು ಫೋಟೋನೂ ತೆಗೀರಿ ಅಂದ್ಲು. ಮೆಹಬೂಬ ಅಲ್ಲೇ ಬಾಗಲದಾಗ ಸರ್‌ನ್ನ ಅವರ ಅಕ್ಕನ ಬಾಜೂಕ ನಿಲ್ಲಿಸಿ ಹೊಸಾ ಫೋಟೋ ಹೊಡದಾ. ಬೆನ್ನು ಉರೀತಿತ್ತಲಾ, ಅದಕ್ಕೋ ಏನೋ ಸರ್ ಹಲ್ಲು ಕಿಸದು ನಕ್ಕಾರ. ಶ್ರೀಮಂತ ಬರದ ಸಾಲೂ ಅಳಿಸಿದ್ರು, ಈಗ ಅಲ್ಲಿ ಬರೇ, ಗಿಡದ ಬಗ್ಗೆ ಏನರ ಕೇಳೋದಿದ್ರ ಬರ್ರಿ ಅಂತ ಅದ.

ಮೀಟಿಂಗ್ ಮತ್ತ ಮ್ಯಾಲ ಹೋಗಲಿಲ್ಲ, ಗಾಡಿ ನಿಲ್ಲಸೋ ಜಾಗಾದಾಗೇ ನಿಂತು ಮುಗೀತು. ಜಗದೇವಪ್ಪ ಸರ್ ಸಾಹೇಬರಿಗೆ, ಆ ಕಂಪನಿಗೆ ಈಗೇ ಫೋನ್ ಹಚ್ಚರಿ ಅಂದ್ರು. ಬದುಕಿದ್ದ ಮುಖ್ಯಸ್ಥನ್ನ ಪುಟದಾಗ ಸಾಯಿಸ್ಯಾರ, ಎಬ್ಬಿಸಾಕ ಎಷ್ಟೊತ್ತು ಹಿಡೀತದ ಕೇಳ್ರಿ. ಸಾಹೇಬ್ರು ಎಲ್ಲಾರಿಗೂ ಕೇಳೋ ಹಂಗ ಹಚ್ಚಿದ್ರು. ಆ ಕಡಿಯಿಂದ ಒಬ್ಬಾಕಿ ರೆಕಾರ್ಡಿನ ದನಿ, ಹಬ್ಬದ ಸೂಟಿ ಅದ, ನಿಮ್ಮ ದೂರು ಬರಕೊಂಡೀವಿ, ಸೂಟಿ ಮುಗದ ಮ್ಯಾಲ ನೋಡ್ತೀವಿ ಅಂತು.

“ಅಂದ್ರ ಅಲ್ಲಿತನಕ ನಾ ಸತ್ತಿರಬೇಕಾಗ್ತಿತ್ತಲ್ರಿ” ಅಂದ್ರು ಸರ್. “ಈ ಹುಡುಗಿ ಸಾಯಿಸ್ಯಾಳ, ನಾ ಇಲ್ಲ ಅನ್ನಂಗಿಲ್ಲ. ಆದರ ಮೆಟ್ಟಲಾ ಹತ್ತಿ ಬಂದು ಹೇಳ್ಯಾಳ.”

ಅಷ್ಟಕ್ಕ ಎಲ್ಲಾರೂ ಒಂದೇ ಕಡಿ ವಾಲಿದ್ರು. ಖೋಲಿ ಉಳೀತು. ಆಟದ ಮಾಸ್ತರ್ರು ಮಾತ್ರ ಹೋಗೋವಾಗ ಮತ್ತ ಕೇಳಿದ್ರಂತ, ಹಾರ ಜಾರತದ ಅಂದ ಮ್ಯಾಲ ನಮ್ಮ ಅಕ್ಷರ ಓಡಾಕ ಏನಾಗ್ಯಾದ ಅಂತ. ಗೊಲ್ಲಾಳಮ್ಮ ತಂದ ಹಾರ ಇತ್ತಲಾ, ಅದನ್ನ ಡ್ರೈವರ್ ಇಸಕೊಂಡು ಕ್ರೂಸರಿನ ಮೂತಿಗೆ ಕಟ್ಟಿದಾ. ಬರೋವಾಗ ಅಳಕೋತ ಬಂದ ಗಾಡಿ, ಹೋಗೋವಾಗ ಹಾರ್ನ್ ಹೊಡಕೋತ ಹೋತು.

ಈಗ ಮತ್ತ ದಸರಾ ಬಂತು. ಈ ಸಲ ಒಡಕು ಫೋನಿಗೆ ಮಣಿ ಮ್ಯಾಲ ಜಾಗಾ ಇಲ್ಲ, ಮೇಜಿನ ಮ್ಯಾಲೇ ಒಂದು ಬೊಟ್ಟು ಕುಂಕುಮ ಹಚ್ಚೋದಂತ ರೇಣಮ್ಮನೇ ಹೇಳ್ಯಾಳ.

ನೀ ಹೆಂಗೂ ನಾಳಿ ಶಹಾಪುರಕ್ಕ ಹೊಂಟೀದಿ. ಬಸ್ ಸ್ಟ್ಯಾಂಡ್ ಮುಂದ ಮುನ್ನಿಬೀ ಹೂವಿನ ಬುಟ್ಟಿ ಇಟ್ಟಕೊಂಡು ಕುಂತಿರ್ತಾಳ. ಅಕಿ ಹತ್ರ ಚೆಂಡುಹೂ ತಗೊಂಡು ಪರಿಮಳಾನ ಖೋಲಿಗೆ ಮುಟ್ಟಿಸಿ ಹೋಗು. ಬಿಡಿ ಹೂ ಮತ್ತ, ಕಟ್ಟಿದ್ದಲ್ಲ. ಮುನ್ನಿಬೀ ಕೈ ಸುಮ್ಕ ಇರಂಗಿಲ್ಲ, ಮಾತಾಡಕೋತ ಪೋಣಿಸಿಬಿಡ್ತಾಳ. ಚೀಲದಾಗ ಹಾಕೋತನಕ ನಿಂತು ನೋಡು.